ಸ್ನಾಯುಗಳ ಅದುರುವಿಕೆ ಮತ್ತು ಎ.ಎಲ್.ಎಸ್. ಭಯ: ಆರೋಗ್ಯಾತಂಕದ ಒಂದು ವಿಶ್ಲೇಷಣೆ

ಕಣ್ಣಿನ ರೆಪ್ಪೆಯೋ ಮೀನಖಂಡವೋ ತಾನಾಗಿಯೇ ಪಟಪಟನೆ ಅದುರಿ ಸುಮ್ಮನಾಗುವುದು ಯಾರಿಗೂ ಹೊಸದಲ್ಲ. ಅದನ್ನು ಶಕುನವೆಂದು ಓದುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಗಂಡಸಿಗೆ ಬಲಗಣ್ಣು, ಹೆಂಗಸಿಗೆ ಎಡಗಣ್ಣು ಅದುರಿದರೆ ಒಳ್ಳೆಯದೆಂಬ ನಂಬಿಕೆಯನ್ನು ಕೇಳದವರು ಕಡಿಮೆ. ಇಂದು ಅದೇ ಅದುರುವಿಕೆಯನ್ನು ಕೆಲವರು ಮಾರಕ ನರರೋಗದ ಮುನ್ಸೂಚನೆ ಎಂದು ಓದುತ್ತಿದ್ದಾರೆ. ಅವರು ಹೆದರುವುದು ಅಮಿಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಅಂದರೆ ಎ.ಎಲ್.ಎಸ್. ಎಂಬ ಕಾಯಿಲೆಗೆ. ಈ ಭಯ ಕೇವಲ ಅಜ್ಞಾನದಿಂದ ಹುಟ್ಟಿದ್ದಲ್ಲ, ಮಾಹಿತಿ ಕೊಟ್ಟ ಮಾತ್ರಕ್ಕೆ ಹೋಗುವಂಥದ್ದೂ ಅಲ್ಲ ಎಂಬುದು ಈ ಲೇಖನದ ವಾದ.

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ನರರೋಗ ತಜ್ಞ ಶಾರ್ಕೋ 1869ರಿಂದ 1874ರ ಅವಧಿಯಲ್ಲಿ ಈ ರೋಗದ ಚಿತ್ರವನ್ನು ಸ್ಪಷ್ಟಪಡಿಸಿದರು. ಚಲನೆಯನ್ನು ನಿಯಂತ್ರಿಸುವ ನರಕೋಶಗಳು ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಸಾಯುತ್ತ ಹೋಗುತ್ತವೆ. ಸ್ನಾಯು ಬಲಗುಂದಿ ಸೊರಗುತ್ತದೆ. ಯುರೋಪಿನ ಜನಸಂಖ್ಯೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು ಇಬ್ಬರಲ್ಲಿ ಮಾತ್ರ ಹೊಸದಾಗಿ ಕಾಣಿಸಿಕೊಳ್ಳುವ ಕಾಯಿಲೆಯಿದು. ಆದರೆ "ಇದು ವಯಸ್ಸಾದವರ ರೋಗ, ನಿಮಗೆ ಬರುವುದಿಲ್ಲ" ಎಂಬ ಸಮಾಧಾನ ನಮ್ಮಲ್ಲಿ ಅಷ್ಟಾಗಿ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಿಂದ 2008ರಲ್ಲಿ ಪ್ರಕಟವಾದ 1,153 ರೋಗಿಗಳ ಅಧ್ಯಯನದಲ್ಲಿ ರೋಗ ಆರಂಭವಾದ ಸರಾಸರಿ ವಯಸ್ಸು ಸುಮಾರು 46; ಪಾಶ್ಚಾತ್ಯ ರೋಗಿಗಳಿಗಿಂತ ಕಡಿಮೆ. ಚಲನ-ನರಕೋಶ ರೋಗದ, ಚಿಕ್ಕ ವಯಸ್ಸಿನಲ್ಲೇ ಶುರುವಾಗುವ 'ಮದ್ರಾಸ್ ಮಾದರಿ' ದಕ್ಷಿಣ ಭಾರತದಿಂದಲೇ ಹೆಚ್ಚಾಗಿ ವರದಿಯಾಗಿದೆ. ಒಂದೇ ಕೈ ಅಥವಾ ಕಾಲು ಸೊರಗಿ, ಕೆಲವು ವರ್ಷಗಳಲ್ಲಿ ಅಲ್ಲಿಗೇ ನಿಲ್ಲುವ 'ಮೊನೊಮೆಲಿಕ್ ಅಮಯೋಟ್ರೋಫಿ'ಯನ್ನು ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅದೂ ಹೆಚ್ಚಾಗಿ ತರುಣರಲ್ಲೇ ಕಾಣುವುದು. ಹೆದರಿದ ಇಪ್ಪತ್ತೈದರ ಹುಡುಗ ಇದನ್ನೆಲ್ಲ ಒಂದು ರಾತ್ರಿಯಲ್ಲಿ ಓದಿಬಿಡುತ್ತಾನೆ. ವಯಸ್ಸಿನ ಮೇಲೆ ನಿಂತ ಸಮಾಧಾನ ಆಗ ಕುಸಿಯುತ್ತದೆ, ಅದರ ಜೊತೆಗೆ ಅದನ್ನು ಹೇಳಿದ ವೈದ್ಯರ ಮೇಲಿನ ನಂಬಿಕೆಯೂ.

ಸಮಾಧಾನಕ್ಕೆ ಭದ್ರವಾದ ನೆಲೆ ಬೇರೆಡೆ ಇದೆ. ಸಂಶೋಧಕರಾದ ರೀಡ್ ಮತ್ತು ಕುರ್ಲೆಂಡ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 539 ಆರೋಗ್ಯವಂತರನ್ನು ವಿಚಾರಿಸಿದಾಗ ಶೇ. 70ರಷ್ಟು ಮಂದಿ ತಮಗೂ ಸ್ನಾಯು ಅದುರಿದ್ದುಂಟು ಎಂದರು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಿರಪಾಯಕಾರಿ ಅದುರುವಿಕೆ ಎಂದು ಗುರುತಿಸಲಾದ 121 ಜನರನ್ನು 2ರಿಂದ 32 ವರ್ಷಗಳ ನಂತರ ವಿಚಾರಿಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬರಿಗೂ ಎ.ಎಲ್.ಎಸ್. ಲಕ್ಷಣ ಬಂದಿರಲಿಲ್ಲ. ನಿದ್ದೆಗೆಡುವುದು, ವಿಪರೀತ ಕಾಫಿ, ದಣಿವು, ಥೈರಾಯ್ಡ್ ಏರುಪೇರು, ಕೆಲವು ಔಷಧಿಗಳು, ಇವೆಲ್ಲ ಅದುರಿಸಬಲ್ಲವು. ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಆರ್ಗನೊಫಾಸ್ಫೇಟ್ ಕೀಟನಾಶಕ ಸೇವಿಸಿದವರ ಮೈ ಅದುರುವುದನ್ನು ಕಂಡ ವೈದ್ಯರಿಗೆ ಅದರ ಕಾರಣಗಳು ಎಷ್ಟು ಬಗೆಯವೆಂದು ಹೇಳಬೇಕಾಗಿಲ್ಲ.

ಇಷ್ಟು ಸಾಕಾಗಬೇಕಿತ್ತು. ಸಾಕಾಗುವುದಿಲ್ಲ ಎನ್ನುವುದಕ್ಕೆ ವೈದ್ಯರೇ ಸಾಕ್ಷಿ. ಆಸ್ಟ್ರೇಲಿಯಾದ ನರರೋಗ ತಜ್ಞರಾದ ಸೈಮನ್ ಮತ್ತು ಕಿಯರ್ನನ್ 2013ರಲ್ಲಿ, ತಮ್ಮ ಸ್ನಾಯು ಅದುರುವುದನ್ನು ಕಂಡು ಎ.ಎಲ್.ಎಸ್. ಎಂದು ಬೆದರಿ ಬಂದ ವೈದ್ಯರ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಇಟ್ಟರು. ಅಂಕಿಅಂಶ ಬಲ್ಲವರೂ, ರೋಗಿಗಳಿಗೆ ಅದನ್ನೇ ಹೇಳಿ ಕಳಿಸುವವರೂ ಈ ವೈದ್ಯರೇ. ಹಾಗಾಗಿ ತಿಳಿವಳಿಕೆ ನೀಡಿದರೆ ಭಯ ಹೋಗುತ್ತದೆ ಎಂಬ ನಮ್ಮ ಆರೋಗ್ಯ ಶಿಕ್ಷಣದ ಗಟ್ಟಿ ನಂಬಿಕೆ ಇಲ್ಲಿ ಸೋಲುತ್ತದೆ.

ಸೋಲುವ ಬಗೆಯನ್ನು ಸಂಶೋಧಕರಾದ ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ 1986ರಲ್ಲೇ ವಿವರಿಸಿದ್ದರು: ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವುದು, ಮತ್ತೆ ಮತ್ತೆ ಭರವಸೆ ಬೇಡುವುದು, ಇವೆರಡೂ ಆತಂಕವನ್ನು ಆ ಹೊತ್ತಿಗೆ ಇಳಿಸಿ ಆಮೇಲೆ ಬೆಳೆಸುತ್ತವೆ. ಎ.ಎಲ್.ಎಸ್. ಭಯದಲ್ಲಿ ಈ ಚಕ್ರಕ್ಕೆ ಇನ್ನೂ ಒಂದು ಸುತ್ತು ಇದೆ, ಅದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಇಲ್ಲಿ ಪರೀಕ್ಷೆಯೇ ಪುರಾವೆಯನ್ನು ಸೃಷ್ಟಿಸುತ್ತದೆ. ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ದಿನಕ್ಕೆ ಹತ್ತಾರು ಸಲ ನಡೆದು ನೋಡಿದರೆ ಮೀನಖಂಡ ದಣಿಯುತ್ತದೆ, ದಣಿದದ್ದು ಅದುರುತ್ತದೆ. ಎರಡೂ ಕೈಗಳ ಹೆಬ್ಬೆರಳಿನ ಬುಡ ಹೋಲಿಸಿದರೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಬಲಗೈ ರೂಢಿಯವರ ಎರಡು ಕೈಗಳು ಎಂದೂ ಒಂದೇ ಅಳತೆಯಲ್ಲಿರುವುದಿಲ್ಲ. ಕನ್ನಡಿ ಮುಂದೆ ನಾಲಿಗೆ ಚಾಚಿದರೆ ಯಾರ ನಾಲಿಗೆಯೂ ನಡುಗುತ್ತದೆ. ನರರೋಗ ತಜ್ಞರು ನಾಲಿಗೆಯ ಅದುರನ್ನು ನೋಡುವುದು ಅದು ಬಾಯೊಳಗೆ ವಿಶ್ರಾಂತಿಯಲ್ಲಿರುವಾಗ. ಈ ಒಂದು ವಿವರ ಗೊತ್ತಿಲ್ಲದೆ ಎಷ್ಟು ನಿದ್ದೆ ಹಾಳಾಗಿದೆಯೋ!

ಹಾಗೆಂದು "ಅದುರಿದರೆ ಎ.ಎಲ್.ಎಸ್. ಅಲ್ಲವೇ ಅಲ್ಲ" ಎಂದು ಸಾರುವುದೂ ಸುಳ್ಳಾಗುತ್ತದೆ. ಆ ಕಾಯಿಲೆಯಲ್ಲೂ ಅದುರುವಿಕೆ ಉಂಟು. ರೋಗನಿರ್ಣಯಕ್ಕೆ ಬಳಸುವ 2008ರ ಅವಾಜಿ ಮಾನದಂಡಗಳು, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇ.ಎಂ.ಜಿ. ಪರೀಕ್ಷೆಯಲ್ಲಿ ಅದಕ್ಕೆ ತೂಕವನ್ನೂ ಕೊಟ್ಟಿವೆ. ನಿರ್ಧಾರ ನಿಲ್ಲುವುದು ಅದರ ಜೊತೆಗೆ ಏನಿದೆ ಎಂಬುದರ ಮೇಲೆ: ಅಂಗಿಯ ಗುಂಡಿ ಹಾಕಲಾಗದಿರುವುದು, ಪಾದ ಎತ್ತಲಾಗದೆ ಎಡವುವುದು, ಮಾತು ತೊದಲುವುದು, ಸ್ನಾಯು ಕಣ್ಣಿಗೆ ಕಾಣುವಂತೆ ಸೊರಗುವುದು, ಮತ್ತು ಇವು ತಿಂಗಳಿಂದ ತಿಂಗಳಿಗೆ ಹೆಚ್ಚುವುದು. ಬಲ ಕುಗ್ಗಿದ ಅನಿಸಿಕೆಗೂ ಬಲವೇ ಕುಗ್ಗುವುದಕ್ಕೂ ಇರುವ ಈ ಅಂತರವನ್ನು ಬಿಡಿಸಿ ಹೇಳದೆ "ಏನೂ ಇಲ್ಲ, ಹೋಗಿ" ಎಂದು ಕಳಿಸಿದರೆ ರೋಗಿ ಮುಂದಿನ ಆಸ್ಪತ್ರೆಯ ಟೋಕನ್ ತೆಗೆಸುತ್ತಾನೆ.

ಚಿಕಿತ್ಸೆ ಇದೆ, ಪವಾಡವಿಲ್ಲ. ಮನೋವೈದ್ಯ ಪೀಟರ್ ಟೈರರ್ ಅವರ ನೇತೃತ್ವದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ, ನರರೋಗ ವಿಭಾಗವೂ ಸೇರಿದಂತೆ, ಆರೋಗ್ಯಾತಂಕವುಳ್ಳ 444 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರಿವು-ವರ್ತನಾ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಸಹಜ ಮಟ್ಟಕ್ಕೆ ಮರಳಿದವರು ಸುಮಾರು ಶೇ. 14, ಮಾಮೂಲಿ ಆರೈಕೆಯಲ್ಲಿ ಶೇ. 7. ದುಪ್ಪಟ್ಟು ಹೌದು, ಆದರೂ ಕಡಿಮೆಯೇ. ಈ ಚಿಕಿತ್ಸೆಯನ್ನು ನೀಡಿದವರಲ್ಲಿ ಅಲ್ಪಾವಧಿ ತರಬೇತಿ ಪಡೆದ ನರ್ಸ್‌ಗಳೂ ಇದ್ದರೆಂಬುದು ಮನೋವೈದ್ಯರ ಕೊರತೆಯಿರುವ ನಮ್ಮ ಜಿಲ್ಲಾ ಆಸ್ಪತ್ರೆಗಳ ಮಟ್ಟಿಗೆ ಆ ಶೇಕಡಾವಾರಿಗಿಂತ ದೊಡ್ಡ ಸುದ್ದಿ.

ನರರೋಗ ತಜ್ಞರಲ್ಲಿ ಒಂದು ಕೋರಿಕೆ. ಒಮ್ಮೆ ಪೂರ್ತಿ ಪರೀಕ್ಷಿಸಿ, ಬೇಕೆನಿಸಿದರೆ ಒಮ್ಮೆ ಇ.ಎಂ.ಜಿ. ಮಾಡಿಸಿ, ಏನನ್ನು ನೋಡಿ ಏನೆಂದು ತೀರ್ಮಾನಿಸಿದಿರೆಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಹೊಸ ಲಕ್ಷಣವಿಲ್ಲದೆ ಕೇಳಿದಾಗಲೆಲ್ಲ ಅದೇ ಪರೀಕ್ಷೆಗೆ ಬರೆದುಕೊಡಬೇಡಿ. ಭಯವನ್ನೂ ಒಂದು ಕಾಯಿಲೆಯೆಂದೇ ದಾಖಲಿಸಿ ಮನೋವೈದ್ಯಕೀಯ ವಿಭಾಗಕ್ಕೆ ಕಳಿಸಿ. 2022ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿರುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಅದೇ ಚೀಟಿಯ ಕೆಳಗೆ ಬರೆಯಿರಿ.