ಬಂದೂಕಿಗೆ ಹೇಳಿಕೊಟ್ಟ ದೂರ



ಶಾಲೆಯ ದಿನಗಳಲ್ಲಿ ಎನ್.ಸಿ.ಸಿ.ಗೆ ಸೇರಿದ್ದ ನಿಮ್ಮಲ್ಲಿ ಹಲವರು ಪಾಯಿಂಟ್ ಟು ಟು ರೈಫಲಿನ ಹಿಂದೆ ಬೋರಲಾಗಿ ಮಲಗಿ, 25 ಗಜ ದೂರದ ಕಾಗದದ ಗುರಿಗೆ ಗುಂಡು ಹಾರಿಸಿದವರೇ. ಅದರ ಸೈಟನ್ನು ಯಾವುದೋ ಒಂದು ದೂರಕ್ಕೆ ಯಾರೋ ಮೊದಲೇ ಹೊಂದಿಸಿಟ್ಟಿರುತ್ತಾರೆ ಎಂಬ ಸಂಗತಿ ಆ ವಯಸ್ಸಿನಲ್ಲಿ ನಿಮ್ಮ ಗಮನಕ್ಕೆ ಬಂದಿರಲಾರದು. ಸೈನಿಕರ ಮಾತಿನಲ್ಲಿ ಇದು ‘ಝೀರೋ ಮಾಡುವುದು’. ಯಾವ ದೂರಕ್ಕೆ ಝೀರೋ ಮಾಡಬೇಕೆಂಬುದು ಮೇಲುನೋಟಕ್ಕೆ ಕುಶಲಕರ್ಮಿಯ ಪ್ರಶ್ನೆ. ಆದರೆ ಒಂದೊಂದು ದೇಶ ಅದಕ್ಕೆ ಕೊಟ್ಟ ಉತ್ತರವನ್ನು ನೋಡಿದರೆ, ಮುಂದಿನ ಯುದ್ಧವನ್ನು ಅದರ ಸೇನಾಧಿಕಾರಿಗಳು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದು ಆ ಒಂದು ಅಂಕಿಯಲ್ಲೇ ಕಾಣುತ್ತದೆ. ಕಲ್ಪನೆ ತಪ್ಪಿದಲ್ಲಿ ಬೆಲೆ ತೆತ್ತವನು ಮಾತ್ರ ಸಿಪಾಯಿ.

ಮೊದಲು ತುಸು ಭೌತಶಾಸ್ತ್ರ, ಬೇಸರಿಸಬೇಡಿ. ನಳಿಗೆಯಿಂದ ಹೊರಬಿದ್ದ ಗುಂಡು ಆ ಕ್ಷಣದಿಂದಲೇ ಕೆಳಕ್ಕೆ ಬೀಳತೊಡಗುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 200 ಮೀಟರ್ ಸಾಗುವುದರೊಳಗೆ ಸುಮಾರು 31 ಸೆಂಟಿಮೀಟರ್ ಇಳಿದಿರುತ್ತದೆ. 400 ಮೀಟರಿಗೆ ಸುಮಾರು 122 ಸೆಂಟಿಮೀಟರ್. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ಆದ್ದರಿಂದ ನಳಿಗೆಯನ್ನು ನೋಟದ ಗೆರೆಗಿಂತ ತುಸು ಮೇಲ್ಮುಖವಾಗಿ ಇರಿಸುತ್ತಾರೆ. ಸೈಟು ನಳಿಗೆಗಿಂತ ಎತ್ತರದಲ್ಲಿರುವುದರಿಂದ ಗುಂಡು ಕೆಳಗಿನಿಂದ ಹೊರಟು, ಹತ್ತಿರದಲ್ಲೊಮ್ಮೆ ನೋಟದ ಗೆರೆಯನ್ನು ದಾಟಿ ಮೇಲೇರಿ, ದೂರದಲ್ಲಿ ಮತ್ತೊಮ್ಮೆ ದಾಟಿ ಇಳಿಯುತ್ತದೆ. ನಡುವಿನ ಹಾದಿಯಲ್ಲೆಲ್ಲ ಅದು ನೋಟಕ್ಕಿಂತ ಮೇಲೆಯೇ ಇರುತ್ತದೆ. ಎಲ್ಲ ತೊಡಕೂ ಇರುವುದು ಈ ನಡುವಿನಲ್ಲಿ.

ನಮ್ಮ ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವನಿಗೆ ಕಾಯಿ ಎಷ್ಟು ದೂರದಲ್ಲಿದೆಯೆಂದು ಮೊದಲೇ ಗೊತ್ತು. ಯುದ್ಧಭೂಮಿಯಲ್ಲಿ ಆ ಸೌಕರ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದು ಗುಂಡುಗಳು ಬಹುದೂರ ಹಾರತೊಡಗಿದಾಗ, ಸೈಟುಗಳ ಮೇಲಿನ ಅಂಕಿಗಳೂ ಹಿಗ್ಗಿದವು. ಬ್ರಿಟಿಷರ ಲೀ-ಎನ್‌ಫೀಲ್ಡ್ ಮಾರ್ಕ್ 3 ರೈಫಲಿನ ಪಕ್ಕದಲ್ಲಿ 2800 ಗಜಗಳವರೆಗೆ ಗುರಿಯಿಡುವ ಬೇರೊಂದು ಸೈಟೇ ಇತ್ತು! ಅಷ್ಟು ದೂರದಲ್ಲಿ ಒಬ್ಬ ಮನುಷ್ಯನನ್ನು ಬರಿಗಣ್ಣಿನಿಂದ ಗುರುತಿಸುವುದೇ ಕಷ್ಟ. ಇಡೀ ತುಕಡಿ ಒಟ್ಟಾಗಿ ಶತ್ರುಗಳ ಗುಂಪಿನ ಮೇಲೆ ಗುಂಡಿನ ಮಳೆ ಸುರಿಸುವುದೇ ಅದರ ಹಿಂದಿನ ಎಣಿಕೆ. ಅಂಥ ದೊಡ್ಡ ಅಂಕಿ ಕೆತ್ತಿಕೊಂಡವರು ಸಣ್ಣ ದೂರದಲ್ಲೂ ಎಡವಿದ್ದುಂಟು. 1899ರಿಂದ 1902ರವರೆಗೆ ನಡೆದ ಬೋಅರ್ ಯುದ್ಧಕ್ಕೆ ಕಳುಹಿಸಿದ ಬ್ರಿಟಿಷ್ ರೈಫಲುಗಳಲ್ಲಿ ಕೆಲವು, ಸೈಟು ಸರಿಯಾಗಿ ಕೂರದೆ, 500 ಗಜದಲ್ಲಿ 18 ಅಂಗುಲ ಬಲಕ್ಕೆ ಹೊಡೆಯುತ್ತಿದ್ದವು.

ಜರ್ಮನರ 1898ರ ಮೌಸರ್ ರೈಫಲಿಗೆ 1905ರಲ್ಲಿ ಹೊಸ ಮೊನಚು ಗುಂಡು ಬಂದ ಮೇಲೆ, ಸೈಟನ್ನು ಎಷ್ಟು ತಗ್ಗಿಸಿದರೂ 400 ಮೀಟರಿಗಿಂತ ಕೆಳಗೆ ಇಳಿಯದಾಯಿತು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ‘ಬ್ಯಾಟಲ್ ಸೈಟ್’ 547 ಗಜಕ್ಕೆ ಹೊಂದಿತ್ತು. ಇದರ ಪರಿಣಾಮವನ್ನು ಊಹಿಸಿ. 1914ರ ಕೊನೆಗೆ ಸೈನ್ಯಗಳು ಕಂದಕಗಳಲ್ಲಿ ಹುದುಗಿದಾಗ ಎದುರಾಳಿ ಎಷ್ಟೋ ಕಡೆ ನೂರಿನ್ನೂರು ಗಜದಾಚೆಯೇ ಇದ್ದ; ಅವನ ತಲೆಯೊಂದೇ ಕಾಣುತ್ತಿತ್ತು. 400 ಮೀಟರಿಗೆ ಹೊಂದಿಸಿದ ರೈಫಲಿನ ಗುಂಡು 200 ಮೀಟರಿನಲ್ಲಿ ಒಂದಡಿಗೂ ಹೆಚ್ಚು ಮೇಲೆ, 547 ಗಜದ್ದಾದರೆ ಎರಡಡಿಗೂ ಹೆಚ್ಚು ಮೇಲೆ ಹಾರುತ್ತದೆ. ತಲೆಗೆ ಗುರಿಯಿಟ್ಟರೆ ಗುಂಡು ಆಕಾಶಕ್ಕೆ. ನೆಲಕ್ಕೆ ಗುರಿಯಿಡು ಎಂದು ಸಿಪಾಯಿಗೆ ಕಲಿಸಬೇಕಾಯಿತು. ಎದೆ ಡವಡವಗುಟ್ಟುವಾಗ ಯಾರಿಗೆ ನೆನಪಿರುತ್ತದೆ ಆ ಪಾಠ? 2800 ಗಜದ ಆ ಸೈಟನ್ನು ಬ್ರಿಟಿಷರು 1916ರ ಹೊತ್ತಿಗೆ ಸದ್ದಿಲ್ಲದೆ ಕೈಬಿಟ್ಟರು.

ಎರಡನೆಯ ಮಹಾಯುದ್ಧದ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲುಗಳಲ್ಲಿ ಅನೇಕಕ್ಕೆ 300 ಮತ್ತು 600 ಗಜದ ಎರಡೇ ರಂಧ್ರಗಳ ಸರಳ ಸೈಟು ಇತ್ತು. 1952ರಲ್ಲಿ ಅಮೆರಿಕದಲ್ಲಿ ನಾರ್ಮನ್ ಹಿಚ್‌ಮನ್ ಎಂಬವರು ಸಿದ್ಧಪಡಿಸಿದ ವರದಿ, ಕಾಲಾಳಿನ ರೈಫಲು ನಿಜವಾಗಿ ಕೆಲಸ ಮಾಡುವುದು 300 ಗಜದೊಳಗೆ ಎಂದು ಅಂಕಿಅಂಶಗಳ ಸಮೇತ ಹೇಳಿತು. ರಷ್ಯನ್ನರು ತಮ್ಮ ಎಕೆ ರೈಫಲಿನ ಸೈಟಿನಲ್ಲಿ, ದೂರ ಅಳೆಯಲು ಪುರುಸೊತ್ತಿಲ್ಲದವನಿಗಾಗಿ, ‘ಶಾಶ್ವತ’ ಎಂಬರ್ಥದ ಒಂದಕ್ಷರವನ್ನೇ ಕೆತ್ತಿದರು. ಅದು ಸುಮಾರು 300 ಮೀಟರಿನದು. ನಮ್ಮ ಬಂಗಾಳದ ಈಶಾಪುರ ಕಾರ್ಖಾನೆಯ 2ಎ ರೈಫಲಿನಲ್ಲಿ 2000ದ ಹಳೆಯ ಅಂಕಿಯೇ ಉಳಿದಿತ್ತು. ಅದರ ತಮ್ಮನಾದ 2ಎ1ರಲ್ಲಿ ಅದು 800 ಮೀಟರಿಗೆ ಇಳಿಯಿತು. ನನ್ನ ಮಟ್ಟಿಗೆ ಇದು ತಡವಾಗಿ ಬಂದ ವಿವೇಕ.

ಇನ್ನು ಈಗಿನ ರೆಡ್ ಡಾಟ್. ಇದರ ಮೂಲತತ್ತ್ವವನ್ನು 1900ರಲ್ಲೇ ರೂಪಿಸಿದವರು ಡಬ್ಲಿನ್ನಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್. ಇವರ ಸಂಸ್ಥೆಯ 20 ಅಂಗುಲದ ದೂರದರ್ಶಕವೊಂದು ಪುಣೆಯಿಂದ ಕೊಡೈಕನಾಲಿಗೆ ಬಂದಿತ್ತು. ಕೊಡೈಕನಾಲಿನ ಆ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಧೀನದಲ್ಲಿದೆ. ಗಾಜಿನಲ್ಲಿ ಕಾಣುವ ಗುರುತು ಕಣ್ಣು ಅತ್ತಿತ್ತ ಸರಿದರೂ ಗುರಿಯ ಮೇಲೆಯೇ ನಿಲ್ಲುವಂತೆ ಗ್ರಬ್ ಮಾಡಿದರು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಅದಕ್ಕೆ ವಿದ್ಯುತ್ತಿನ ಕೆಂಪು ಚುಕ್ಕೆಯನ್ನು ಕೂಡಿಸಿತು.

ಚುಕ್ಕೆ ಒಂದೇ, ದೂರಕ್ಕೊಂದು ಮೆಟ್ಟಿಲಿಲ್ಲ. ಹಿಂದೆ ಸಮಿತಿಗಳು ಉಕ್ಕಿನ ಮೇಲೆ ಕೆತ್ತುತ್ತಿದ್ದ ಅಂಕಿಯನ್ನು ಈಗ ಹಿಡಿದವನೇ ಆರಿಸಬೇಕು. ಎಂ-16 ಜಾತಿಯ ರೈಫಲನ್ನು ಅಮೆರಿಕದ ಸೇನೆ 25 ಮೀಟರಿನಲ್ಲಿ ಹೊಂದಿಸಿ, ಗುಂಡು 300ರಲ್ಲಿ ಮತ್ತೆ ನೋಟದ ಗೆರೆಗೆ ಬರುವಂತೆ ಮಾಡುತ್ತಿತ್ತು. ಅದರಲ್ಲಿ ನಡುವಿನ ಏರಿಕೆ ಹೆಚ್ಚು. 50 ಗಜಕ್ಕೆ ಹೊಂದಿಸಿದರೆ ಎರಡನೆಯ ದಾಟು ಸುಮಾರು 200ರ ಆಸುಪಾಸಿನಲ್ಲಿ. ನಡುವಿನ ಏರಿಕೆ ಎರಡಂಗುಲದೊಳಗೇ ಉಳಿಯುತ್ತದೆ. ಈ ಎರಡರಲ್ಲಿ ನನಗೆ ಒಪ್ಪಿಗೆಯಾಗುವುದು 50ರ ಲೆಕ್ಕ. ಆದರೆ ಅದಕ್ಕೂ ಒಂದು ಕುರುಡು ಮೂಲೆ ಇದೆ. ಕೋಣೆಯೊಳಗೆ, ನಾಲ್ಕೈದು ಮೀಟರಿನಲ್ಲಿ, ಗುಂಡು ಇನ್ನೂ ಮೇಲೇರಿರುವುದಿಲ್ಲ. ಚುಕ್ಕೆ ತೋರಿದ್ದಕ್ಕಿಂತ ಎರಡಂಗುಲಕ್ಕೂ ಮೀರಿ ಕೆಳಗೆ ತಗಲುತ್ತದೆ. ಒತ್ತೆಯಾಳನ್ನು ಅಡ್ಡ ಹಿಡಿದು ನಿಂತವನ ಮುಂದೆ ಈ ಲೆಕ್ಕ ಬಾಯಿಪಾಠವಾಗಿರಬೇಕೆಂದೇ, ಅಂಥ ಕೆಲಸಕ್ಕೆ ಹೋಗುವವರಿಗೆ ಅದನ್ನು ಬೇರೆಯಾಗಿ ಅಭ್ಯಾಸ ಮಾಡಿಸುತ್ತಾರೆ.