ನಿಂತುಹೋಗುವ ವ್ಯಾಕ್ಯೂಮ್ ಕ್ಲೀನರ್

ಅರ್ಧ ಕೋಣೆ ಶುಚಿಯಾಗುವಷ್ಟರಲ್ಲಿ ವ್ಯಾಕ್ಯೂಮ್ ಕ್ಲೀನರ್ ಬಿಸಿಯೇರಿ ತಟ್ಟನೆ ನಿಂತುಬಿಡುವುದನ್ನು ನೀವು ನೋಡಿರಬಹುದು. ಮೋಟಾರು ಸುಟ್ಟಿತೆಂದು ಗಾಬರಿಯಾಗುವವರೇ ಹೆಚ್ಚು. ಸಾಮಾನ್ಯವಾಗಿ ಅದು ಸುಟ್ಟಿರುವುದಿಲ್ಲ, ಸುಡಬಾರದೆಂದೇ ನಿಂತಿರುತ್ತದೆ.

1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು ಧೂಳನ್ನು ಹೀರುವ ಯಂತ್ರವನ್ನು ರೂಪಿಸಿದಾಗ ಈ ತೊಂದರೆ ಮನೆಯೊಳಗಿನದಾಗಿರಲಿಲ್ಲ. ಆ ಭಾರಿ ಯಂತ್ರ ಕುದುರೆಗಾಡಿಯಲ್ಲಿ ಬಂದು ಬೀದಿಯಲ್ಲೇ ನಿಲ್ಲುತ್ತಿತ್ತು; ಕೊಳವೆಗಳು ಮಾತ್ರ ಕಿಟಕಿಯಿಂದ ಒಳಹೋಗುತ್ತಿದ್ದವು. ಯಂತ್ರವನ್ನು ಒಬ್ಬರು ಹಿಡಿದು ನಡೆಸುವ ಗಾತ್ರಕ್ಕೆ ತಂದವರು ಅಮೆರಿಕದ ಕ್ಯಾಂಟನ್ ನಗರದ ಅಂಗಡಿಯೊಂದರಲ್ಲಿ ನೆಲ ಗುಡಿಸುತ್ತಿದ್ದ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಆಸ್ತಮಾ ರೋಗಿಯಾದ ಅವರಿಗೆ ಪೊರಕೆಯ ಧೂಳೇ ಶತ್ರು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವನ್ನೇ ಜೋಡಿಸಿದರು. 1908ರಲ್ಲಿ ಪೇಟೆಂಟ್ ದೊರೆಯಿತು. ಆ ಹಕ್ಕನ್ನು ಕೊಂಡ ಹೂವರ್ ಕುಟುಂಬದ ಹೆಸರು ಉಳಿಯಿತು, ಸ್ಪ್ಯಾಂಗ್ಲರ್ ಹೆಸರು ಮರೆಯಾಯಿತು.

ಮನೆಬಳಕೆಯ ಹೆಚ್ಚಿನ ಯಂತ್ರಗಳಲ್ಲಿ ಕಸ ಹೊತ್ತು ತರುವ ಗಾಳಿಯೇ ಚೀಲದಲ್ಲಿ ಸೋಸಿಕೊಂಡು ಬಂದು ಮೋಟಾರನ್ನು ತಣಿಸುತ್ತದೆ. ಚೀಲದ ಸೂಕ್ಷ್ಮ ರಂಧ್ರಗಳು ಮುಚ್ಚಿದವೆಂದರೆ ಹೀರುವಿಕೆಯೂ ಕುಂದಿತು, ತಂಪೂ ತಪ್ಪಿತು. ಕೊಳವೆಯ ಬಾಯನ್ನು ಒಂದೇ ಕ್ಷಣ ಅಂಗೈಯಿಂದ ಮುಚ್ಚಿ ನೋಡಿ: ಮೋಟಾರಿನ ದನಿ ಏರುತ್ತದೆ. ಹೆಚ್ಚು ದುಡಿಯುತ್ತಿದೆ ಎನಿಸುತ್ತದೆ, ಅಲ್ಲವೆ? ನಿಜ ಅದಕ್ಕೆ ತಿರುಗುಮುರುಗು. ತಳ್ಳಲು ಗಾಳಿಯಿಲ್ಲದೆ ಹೊರೆ ಇಳಿದಿದೆ, ಅದಕ್ಕೇ ವೇಗ ಹೆಚ್ಚಿದೆ. ಎಳೆಯುವ ವಿದ್ಯುತ್ತೂ ಕಡಿಮೆ. ಆದರೂ ಬಿಸಿಯನ್ನು ಹೊತ್ತೊಯ್ಯುವ ಗಾಳಿಯಿಲ್ಲದ್ದರಿಂದ ಸುರುಳಿ ಕಾಯುತ್ತಲೇ ಹೋಗುತ್ತದೆ.

ಚೀಲದ ಈ ದೋಷಕ್ಕೆ ಬೇಸತ್ತೇ ಇಂಗ್ಲೆಂಡಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಯಲ್ಲಿ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ಬೇರ್ಪಡಿಸಲು ಹೊರಟರು. ಫಲಿಸಿದ್ದು 5,127ನೆಯ ಮಾದರಿ. ಚೀಲ ಹೋಯಿತು, ಫಿಲ್ಟರು ಉಳಿಯಿತು. ಅದೂ ಕಟ್ಟಿಕೊಳ್ಳುತ್ತದೆ.

ಇನ್ನು ಯಂತ್ರವನ್ನು ನಿಲ್ಲಿಸುವವರಾರು? ಅನೇಕ ಯಂತ್ರಗಳಲ್ಲಿ, ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪುಟ್ಟ ಪಟ್ಟಿ. ಕಾದಾಗ ಬಾಗಿ ವಿದ್ಯುತ್ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಇಂಥ ಪಟ್ಟಿಯನ್ನು 18ನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ಮಾಡಿದ್ದು ಹಡಗಿನ ಗಡಿಯಾರಕ್ಕಾಗಿ, ಸೆಕೆ-ಚಳಿಗೆ ಅದರ ಕಾಲ ತಪ್ಪದಿರಲೆಂದು!

ಆದ್ದರಿಂದ ಯಂತ್ರ ನಿಂತರೆ ಮೊದಲು ಪ್ಲಗ್ ಕೀಳಿ. ಚೀಲ ಬರಿದು ಮಾಡಿ, ಕೊಳವೆಯಲ್ಲಿ ಬಟ್ಟೆಯ ಚೂರೋ ಕಾಗದವೋ ಸಿಕ್ಕಿದೆಯೇ ನೋಡಿ. ತೊಳೆಯಬಹುದಾದ ಫಿಲ್ಟರಾದರೆ ತೊಳೆದು ಪೂರ್ತಿ ಒಣಗಿಸಿ. ಯಂತ್ರ ಚೆನ್ನಾಗಿ ತಣಿಯಲಿ. ರಕ್ಷಕ ಪಟ್ಟಿಯನ್ನೇ ತಪ್ಪಿಸಿ ತಂತಿ ಜೋಡಿಸಲು ಹೋಗಬೇಡಿ, ಬೆಂಕಿ ಹೊತ್ತೀತು. ಗಾಳಿಯ ದಾರಿ ತೆರೆದಿದ್ದೂ ಮತ್ತೆ ಮತ್ತೆ ನಿಂತರೆ ಮೋಟಾರಿನ ಕಾರ್ಬನ್ ಬ್ರಷ್ಷೋ ಬೇರಿಂಗೋ ಸವೆದಿರಬೇಕು, ಅದು ರಿಪೇರಿಯವರ ಕೆಲಸ.