ಮದರಾಸು ರಸ್ತೆಯಲ್ಲಿ ಬಂದ ಪರೀಕ್ಷೆ

ಪರೀಕ್ಷಾ ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿ ನೋಡಿದರೆ ಸುತ್ತಲೂ ನೋಡುವುದು, ಎಂದರೆ ವಸ್ತುವನ್ನು ಎಲ್ಲ ಮಗ್ಗುಲುಗಳಿಂದಲೂ ಅವಲೋಕಿಸುವುದು ಎಂಬ ಅರ್ಥವು ದೊರೆಯುತ್ತದೆ. ಚಿನಿವಾರನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿಯೂ ಕಾಸಿಯೂ ಕತ್ತರಿಸಿಯೂ ನೋಡುವುದೆಲ್ಲಾ ಪರೀಕ್ಷೆಯೇ. ಹಿಂದಿನ ಪಾಠಶಾಲೆಗಳಲ್ಲಿ ಗುರುವು ಶಿಷ್ಯನನ್ನು ನೋಡುತ್ತಿದ್ದುದೂ ಈ ಬಗೆಯಾಗಿಯೇ. ಹತ್ತು ಹನ್ನೆರಡು ವರ್ಷಗಳ ಕಾಲ ತನ್ನ ಕಣ್ಣೆದುರಿಗೆ ಬೆಳೆದ ಹುಡುಗನಲ್ಲಿ ಎಷ್ಟು ಕಾವ್ಯ ನಿಂತಿದೆ, ಎಷ್ಟು ವ್ಯಾಕರಣ ಇಳಿದಿದೆ, ಯಾವ ಸಂಧಿಯಲ್ಲಿ ನಾಲಿಗೆ ತೊಡರುತ್ತದೆ ಎಂಬುದನ್ನು ಆತನು ಬೇರೊಂದು ದಿನವನ್ನು ಗೊತ್ತುಮಾಡಿ ತಿಳಿಯಬೇಕಾಗಿರಲಿಲ್ಲ. ಮಿಥಿಲೆಯ ಪಂಡಿತರಲ್ಲಿ ಶಲಾಕಾ ಪರೀಕ್ಷೆಯೆಂಬುದೊಂದು ಪ್ರಸಿದ್ಧವಾಗಿದ್ದಿತು. ಓಲೆಯ ಗ್ರಂಥದ ಕಟ್ಟಿನಲ್ಲಿ ಒಂದು ಕಡ್ಡಿಯನ್ನು ಚುಚ್ಚುವುದು. ಅದು ತಲಪಿದ ಓಲೆಯಲ್ಲಿನ ವಿಷಯವನ್ನು ವಿದ್ಯಾರ್ಥಿಯು ಸಭೆಯಲ್ಲಿ ವಿವರಿಸುವುದು. ಆ ಕಾಲದಲ್ಲಿ ಭಯವೇ ಇರಲಿಲ್ಲವೆಂದರೆ ಅದು ಮುಪ್ಪಿನವರ ಮಾತಾದೀತು. ಭಯವಿದ್ದಿತು, ಆದರೆ ಅದು ಪರಿಚಿತನ ಭಯ. ಆ ಪಾಠಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ಜೊತೆಯಲ್ಲಿಯೇ ಹೇಳಿಬಿಡುವುದು ನ್ಯಾಯ.

ಈಗ ಫಾಲ್ಗುಣ ಚೈತ್ರಗಳು ಬಂದರೆ ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳ ಮನೆಮನೆಗಳಲ್ಲಿ ಕಾಣುವ ಭಯವು ಬೇರೆ ಜಾತಿಯದು. ಹುಡುಗನಿಗೆ ಅನ್ನ ಸೇರದು. ತಾಯಿಗೆ ನಿದ್ರೆ ಬಾರದು. ಸೋಮೇಶ್ವರನ ಗುಡಿಯಲ್ಲಿ ಅರ್ಚನೆಯಾಗುತ್ತದೆ, ಸಂತ ಮರಿಯಮ್ಮನವರ ದೇವಾಲಯದಲ್ಲಿ ಮೇಣದ ಬತ್ತಿ ಉರಿಯುತ್ತದೆ, ದರ್ಗಾಗಳಲ್ಲಿ ಹರಕೆ ಕಟ್ಟುತ್ತಾರೆ. ಮತಗಳು ಬೇರೆಯಾದರೂ ಬೇಡಿಕೆ ಒಂದೇ. ಕಾಣದ ಊರಿನ ಕಾಣದ ಪರೀಕ್ಷಕನ ಕೈಯಲ್ಲಿ ಜೀವಮಾನದ ಗತಿಯೆಲ್ಲವೂ ಇದೆಯೆಂಬ ಈ ನಂಬಿಕೆಯು ಮಕ್ಕಳ ಸ್ವಭಾವದಿಂದ ಹುಟ್ಟಿದ್ದಲ್ಲ. ಅದಕ್ಕೆ ಇಸವಿಗಳುಂಟು, ಅದು ಬಂದ ದಾರಿಯೂ ಉಂಟು.

ಆ ದಾರಿಗೆ ಹಳೆಯ ಮದರಾಸು ರಸ್ತೆಯೆಂದು ಹೆಸರು. ಹಲಸೂರನ್ನು ಬಿಟ್ಟು, ಇಂದಿರಾನಗರವು ಆಮೇಲೆ ಹಬ್ಬಿದ ನೆಲದ ಅಂಚಿನಲ್ಲಿ ಸಾಗಿ, ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳ ಮೇಲೆ ಅದು ಮೂಡಲಿಗೆ ಹೋಗುತ್ತದೆ. 1809ರಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ನೆಲೆಯೂರಿದ ಮೇಲೆ ಸಿಪಾಯಿಗಳೂ ವರ್ತಕರೂ ಕುಶಲಿಗಳೂ ಇದೇ ಕಡೆಯಿಂದ ಬಂದರು. ಅವರ ಹಿಂದೆಯೇ ಮದರಾಸಿನ ಕಾಗದಪತ್ರಗಳೂ ಬಂದುವು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಇಂಗ್ಲಿಷು ಕಲಿತವರಿಗೆ ಸರ್ಕಾರದ ಕೆಲಸಗಳಲ್ಲಿ ಅಗ್ರಸ್ಥಾನವೆಂದು ನಿರ್ಣಯಿಸಿದನು. ಅನ್ನಕ್ಕೂ ಅಕ್ಷರಕ್ಕೂ ಗಂಟು ಬಿದ್ದುದು ಅಲ್ಲಿ. 1855ರಲ್ಲಿ ಕಂಪೆನಿಯ ಸಿವಿಲ್ ಸರ್ವೀಸಿಗೆ ಲಂಡನ್ನಿನಲ್ಲಿ ಸ್ಪರ್ಧೆಯ ಪರೀಕ್ಷೆಯು ಏರ್ಪಟ್ಟಿತು. ಚೀನ ದೇಶದಲ್ಲಿ 605ರ ಸುಮಾರಿನಿಂದ 1905ರ ಪರ್ಯಂತ ನಡೆದುಬಂದ ರಾಜಕೀಯ ಪರೀಕ್ಷೆಗಳ ಮಾತು ಇಂಗ್ಲೆಂಡಿನಲ್ಲಿ ಆಗ ಚರ್ಚೆಗೆ ಬಂದಿದ್ದುದೂ ಉಂಟು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಹುಟ್ಟಿತು; ಮರು ವರ್ಷ ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಪ್ರಾರಂಭವಾಯಿತು. ಇದೇ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ತಾಳಿತು. 1864ರಲ್ಲಿ ಜೋಲಾರುಪೇಟೆಯಿಂದ ರೈಲು ಬಂದು ದಂಡನ್ನು ಮದರಾಸಿಗೆ ಇನ್ನೂ ಹತ್ತಿರಕ್ಕೆಳೆಯಿತು.

ಮೆಟ್ರಿಕ್ಯುಲೇಷನ್ ಎಂಬ ಆ ಪರೀಕ್ಷೆಯ ಕಟ್ಟುಪಾಡು ಹೀಗಿದ್ದಿತು. ಇಂಗ್ಲಿಷು, ಒಂದು ದೇಶಭಾಷೆ ಅಥವಾ ಪ್ರಾಚೀನ ಭಾಷೆ, ಗಣಿತ, ವಿಜ್ಞಾನ, ಚರಿತ್ರೆ ಭೂಗೋಳ. ಇವುಗಳಲ್ಲಿ ಒಂದರಲ್ಲಿ ತಪ್ಪಿದರೂ ಉಳಿದುದೆಲ್ಲವೂ ನೀರಿನಲ್ಲಿ ಹೋಮಮಾಡಿದಂತೆ. ದಂಡಿನ ಮನೆಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ನಡೆಯುತ್ತಿದ್ದುವು. ಉತ್ತರವನ್ನು ಬರೆಯಬೇಕಾಗಿದ್ದುದು ಇವುಗಳಲ್ಲಿ ಯಾವುದೂ ಅಲ್ಲದ ಭಾಷೆಯಲ್ಲಿ. ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನಲ್ಲಿ ಸ್ಥಾಪಿಸಿದ ವಿದ್ಯಾಶಾಲೆಯಂಥವು ಈ ಬಡ ಮಕ್ಕಳಿಗೆ ದೊಡ್ಡ ಆಸರೆಯಾದುವು. ಸ್ವಲ್ಪ ದೂರದಲ್ಲಿಯೇ ಯೂರೋಪಿಯನರ ಶಾಲೆಗಳಿದ್ದುವು. ಅಲ್ಲಿಯ ಹುಡುಗರು ಕೇಂಬ್ರಿಜ್ಜಿನಿಂದ ಬರುವ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆಯುತ್ತಿದ್ದರು. ಒಂದೇ ಬೀದಿಯ ಎರಡು ಮನೆಗಳ ಮಕ್ಕಳಲ್ಲಿ ಒಬ್ಬನ ವಿಧಿಯು ಮದರಾಸಿನಲ್ಲಿಯೂ ಇನ್ನೊಬ್ಬನದು ಸಮುದ್ರದಾಚೆಗೂ ಬರೆಯಲ್ಪಡುತ್ತಿದ್ದಿತು.

ಹಳ್ಳಿಗಳಿಂದ ಓದಲು ಬಂದವರ ಪಾಡನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಾರಾನ್ನವೆಂಬುದು ಈ ಸೀಮೆಯ ಹಿರಿಯರಿಗೆ ತಿಳಿಯದ ಮಾತಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಏಳು ಮನೆಗಳು ಒದಗದಿದ್ದರೆ ಒಂದೆರಡು ದಿನ ಉಪವಾಸ. ಇಂಥ ಹುಡುಗನು ಪರೀಕ್ಷೆಯಲ್ಲಿ ತಪ್ಪಿದರೆ ಏಳು ಮನೆಗಳ ಗೃಹಿಣಿಯರಿಗೂ ಮುಖ ತೋರಿಸಬೇಕಾಗಿದ್ದಿತು. ಮುಂದಿನ ವರ್ಷವೂ ಎಲೆ ಹಾಕುವರೋ ಇಲ್ಲವೋ ಎಂಬ ಸಂದೇಹ ಬೇರೆ. ಇದನ್ನು ಬರಿಯ ಹೇಡಿತನವೆಂದು ಯಾರು ಹೇಳಬಲ್ಲರು? ಹಸಿವಿಗೂ ಅಂಕಗಳಿಗೂ ಹೀಗೆ ನೇರವಾದ ಸಂಬಂಧವಿದ್ದಾಗ ಭಯವು ವಿವೇಕದ ಇನ್ನೊಂದು ಹೆಸರೇ ಆಗಿದ್ದಿತು. ಮೆಟ್ರಿಕ್ಯುಲೇಷನ್ ಫೇಲ್, ಬಿ.ಎ. ಫೇಲ್ ಎಂದು ಅರ್ಜಿಗಳಲ್ಲಿ ಬಿರುದಿನಂತೆ ಬರೆದುಕೊಳ್ಳುತ್ತಿದ್ದುದನ್ನು ಈಚಿನವರು ನಗುವುದುಂಟು. ಅಷ್ಟು ದೂರ ನಡೆದು ಬಂದಿದ್ದೇನೆ, ಬಾಗಿಲು ಮಾತ್ರ ತೆರೆಯಲಿಲ್ಲ ಎಂಬುದೇ ಅದರ ತಾತ್ಪರ್ಯ.

ಬಾಗಿಲು ತೆರೆದವರ ಕಥೆಗಳನ್ನು ಎಲ್ಲರೂ ಬಲ್ಲರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬೀದಿದೀಪದಡಿ ಓದಿದರೆಂದು ಹೇಳುವುದುಂಟು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವು ಬಂದುದು 1905ರಲ್ಲಿಯಾದ್ದರಿಂದ, ಕಥೆ ನಿಜವಾದರೆ ಅದು ಎಣ್ಣೆಯ ದೀಪವೇ ಆಗಿರಬೇಕು. ಆದರೆ ಆ ಚರಿತ್ರೆಯಲ್ಲಿ ಜನರು ಗಮನಿಸದೆ ಬಿಡುವ ಸಂಗತಿ ಇನ್ನೊಂದುಂಟು. ಬಿ.ಎ. ಆದಮೇಲೆ ಎಂಜಿನಿಯರಿಂಗ್ ಓದುವುದಕ್ಕೆ ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನವು ದೊರೆತುದರಿಂದ ಅವರು ಪುಣೆಗೆ ಹೋಗಿ 1883ರಲ್ಲಿ ಅಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಆ ವೇತನವಿಲ್ಲದಿದ್ದರೆ ಅಷ್ಟು ಬುದ್ಧಿಯೂ ಅಷ್ಟು ಅಂಕಗಳೂ ಯಾವ ಕಚೇರಿಯ ಮೂಲೆಯಲ್ಲಿ ಕಡತ ಕಟ್ಟುತ್ತಿದ್ದುವೋ!

ಬಾಗಿಲು ಮುಚ್ಚಿದವರ ಕಥೆಯು ಹೆಚ್ಚು ಬೋಧಪ್ರದವಾದುದು. 1887ರಲ್ಲಿ ಈ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಇಬ್ಬರು ಶಿಶುಗಳು ಜನಿಸಿದರು; ಮಾರ್ಚಿ ತಿಂಗಳಲ್ಲಿ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು, ಡಿಸೆಂಬರಿನಲ್ಲಿ ಈರೋಡಿನಲ್ಲಿ ಶ್ರೀನಿವಾಸ ರಾಮಾನುಜನ್ನರು. ರಾಮಾನುಜನ್ನರು 1903ರಲ್ಲಿ ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗಿ, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಪಡೆದರು. ಗಣಿತವೊಂದನ್ನೇ ಹಿಡಿದು ಮಿಕ್ಕ ವಿಷಯಗಳನ್ನು ಬಿಟ್ಟುದರಿಂದ ಆ ವೇತನವು ತಪ್ಪಿತು. 1905ರಲ್ಲಿ ಯಾರಿಗೂ ಹೇಳದೆ ಮನೆಯನ್ನು ಬಿಟ್ಟು ವಿಶಾಖಪಟ್ಟಣದ ಕಡೆಗೆ ಹೊರಟುಹೋದರು. ಹದಿನೇಳು ವರ್ಷದ ಬಾಲಕನ ಆ ಪ್ರಯಾಣದಲ್ಲಿ ಮನಸ್ಸಿನೊಳಗೆ ಏನಿದ್ದಿತೋ ಬಲ್ಲವರಾರು! ಮುಂದೆ ಮದರಾಸಿನ ಪಚ್ಚಯ್ಯಪ್ಪನವರ ಕಾಲೇಜಿನಿಂದ ಎಫ್.ಎ. ಪರೀಕ್ಷೆಗೆ ಕುಳಿತು 1906ರಲ್ಲಿಯೂ ಮತ್ತೆ 1907ರಲ್ಲಿಯೂ ಅನುತ್ತೀರ್ಣರಾದರು. ಅವರನ್ನು ಉಳಿಸಿದುದು ಸಮಾಧಾನದ ಮಾತುಗಳಲ್ಲ. ರಾಮಚಂದ್ರರಾಯರೆಂಬ ಕಲೆಕ್ಟರು ಲೆಕ್ಕದ ಪುಸ್ತಕವನ್ನು ತೆರೆದು ನೋಡಿ ತಿಂಗಳಿಗೆ 25 ರೂಪಾಯಿಗಳನ್ನು ಕೊಡಿಸಿದುದು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿಗಳ ಗುಮಾಸ್ತೆಗಿರಿ ಸಿಕ್ಕಿದುದು. ಮರು ವರ್ಷ, ಎರಡಾವರ್ತಿ ಅವರನ್ನು ತಳ್ಳಿದ ಅದೇ ವಿಶ್ವವಿದ್ಯಾನಿಲಯವು 75 ರೂಪಾಯಿಗಳ ಸಂಶೋಧನಾ ವೇತನವನ್ನು ಕೊಟ್ಟಿತು. ಅಷ್ಟು ಹೊತ್ತಿಗೆ ಕೇಂಬ್ರಿಜ್ಜಿನಿಂದ ಹಾರ್ಡಿಯವರ ಪತ್ರವು ಬಂದಿದ್ದಿತು.

ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ನೇ ದಕ್ಕಲಿಲ್ಲ. ಚಿನ್ನದ ಗಣಿಯ ಸೀಮೆಯಲ್ಲಿ ಸೋಡಾ ಕಾರ್ಖಾನೆಯ ಕೆಲಸ, ಬೆಂಗಳೂರಿನಲ್ಲಿ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯ ಸಹವಾಸ, ಆಮೇಲೆ ಪತ್ರಿಕೆಗಳ ಬರವಣಿಗೆ. ಮದರಾಸು ರಸ್ತೆಯ ಊರಿನಿಂದ ಬಂದ ಆ ಯುವಕನ ವಿದ್ಯಾಭ್ಯಾಸವು ಹೀಗೆ ಮುಂದುವರಿಯಿತು. ಹಾನಗಲ್ಲು ವಿರೂಪಾಕ್ಷಶಾಸ್ತ್ರಿಗಳ ಸನ್ನಿಧಿಯಲ್ಲಿ ವೇದಾಂತವನ್ನು ಕೇಳಿದರು. 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷು ಪತ್ರಿಕೆಯನ್ನು ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಅವರಿಗೆ ಡಿ.ಲಿಟ್. ಪದವಿಯನ್ನಿತ್ತಿತು. ಇಂಥವರ ಹೆಸರನ್ನು ಹೇಳಿ, ತಪ್ಪಿದರೇನಂತೆ, ನೀನೂ ಹಾಗಾಗುವೆ ಎಂದು ಮಕ್ಕಳಿಗೆ ಹೇಳುವ ರೂಢಿಯಿದೆ. ಅದು ಸರಿಯಲ್ಲ, ಹುಡುಗನು ಒಂದು ಭಾರವನ್ನು ಇಳಿಸುವುದರೊಳಗೆ ಇನ್ನೊಂದನ್ನು ಹೇರಿದಂತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಫಲಿತಾಂಶ ಬಂದ ಮರುದಿನ ಬೆಳಗ್ಗೆ ಅವರ ಕೈಗೆ ಯಾವ ಕೆಲಸ ಸಿಕ್ಕಿತು, ಯಾರ ಮನೆಯ ಬಾಗಿಲು ತೆರೆದಿದ್ದಿತು, ಎಂಬುದು.

ಈ ಪ್ರಶ್ನೆಗೆ ದಂಡಿನಲ್ಲಿಯೇ ಒಂದು ವಿಚಿತ್ರವಾದ ಉತ್ತರವುಂಟು. 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ ದಳದೊಡನೆ ಬೆಂಗಳೂರಿಗೆ ಬಂದ ಇಪ್ಪತ್ತೊಂದು ವರ್ಷದ ಅಧಿಕಾರಿಯೊಬ್ಬನು ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ತಪ್ಪಿ, 1893ರಲ್ಲಿ ಮೂರನೆಯ ಬಾರಿಗೆ ಒಳಹೊಕ್ಕವನಾಗಿದ್ದನು. ವಿನ್ಸ್ಟನ್ ಚರ್ಚಿಲ್ ಎಂಬ ಆತನಿಗೆ, ವಿಶ್ವವಿದ್ಯಾನಿಲಯದಲ್ಲಿ ಓದಿದವರ ಮಾತಿನ ನಡುವೆ ತನಗೆ ಏನೂ ತಿಳಿಯದೆಂಬ ಸಂಕೋಚವಿದ್ದಿತು. ಬೆಳಗಿನ ಕವಾಯತಿಗೂ ಸಂಜೆಯ ಪೋಲೋ ಆಟಕ್ಕೂ ನಡುವಣ ಬಿಸಿಲಿನ ಗಂಟೆಗಳಲ್ಲಿ ಬಂಗಲೆಯಲ್ಲಿ ಕುಳಿತು, ತಾಯಿಯು ಕಳುಹಿಸಿದ ಗಿಬ್ಬನ್ನನ ರೋಮ್ ಚರಿತ್ರೆಯನ್ನೂ ಮೆಕಾಲೆಯನ್ನೂ ಪ್ಲೇಟೋವನ್ನೂ ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ಓದಿದನು. ಮುಂದೆ ಈ ದೇಶದ ವಿಷಯದಲ್ಲಿ ಆತನು ಆಡಿದ ಮಾತುಗಳನ್ನು ಯಾರೂ ಮರೆಯಬೇಕಾಗಿಲ್ಲ. ಆ ಬಂಗಲೆಯ ಸುಖವೂ ಆಳುಕಾಳುಗಳೂ ವಾರಾನ್ನದ ಹುಡುಗನಿಗೆ ಎಲ್ಲಿಂದ ಬರಬೇಕು? ಆದರೂ ಯಾರೂ ಅಂಕ ಹಾಕದ ಓದು ಸಂಕೋಚವನ್ನು ಕಳೆಯಿತೆಂಬುದು ನಿಜ. ಅದು ನಡೆದುದು ಈ ನೆಲದಲ್ಲಿ ಎಂಬುದೂ ನಿಜ.

ಸಂಸ್ಥಾನವು ಬಾಗಿಲುಗಳನ್ನು ಹೆಚ್ಚಿಸಲು ಪ್ರಯತ್ನಿಸಿದ ಬಗೆಯನ್ನು ಸಂಗ್ರಹವಾಗಿ ಹೇಳಬಹುದು. 1891ರಲ್ಲಿ ಮೈಸೂರು ಸಿವಿಲ್ ಸರ್ವೀಸಿನ ಸ್ಪರ್ಧೆಯು ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ; 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ತಾವು ಪುಣೆಗೆ ಹೋಗಬೇಕಾಗಿದ್ದುದನ್ನು ದಿವಾನರು ಮರೆತಿರಲಿಲ್ಲವೆಂದು ಊಹಿಸಬಹುದು. ಮೆಟ್ರಿಕ್ಯುಲೇಷನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಬಂದಿತು, ಶಾಲೆಯಲ್ಲಿ ವರ್ಷವಿಡೀ ನಡೆದ ಕೆಲಸದ ಅಂಕಗಳನ್ನೂ ಪತ್ರದಲ್ಲಿ ನಮೂದಿಸುವುದು ಅದರ ಮೂಲೋದ್ದೇಶ. ಎಂದರೆ ಹುಡುಗನನ್ನು ಬಲ್ಲ ಉಪಾಧ್ಯಾಯನ ಸಾಕ್ಷ್ಯಕ್ಕೆ ಮತ್ತೆ ಸ್ವಲ್ಪ ಬೆಲೆ ಬಂದಿತು. ಆದರೆ ಬಾಗಿಲು ಯಾರಿಗೆ ತೆರೆದಿದೆಯೆಂಬ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಮರು ವರ್ಷ ಸಲಹೆ ಮಾಡಿತು. ಪರೀಕ್ಷೆಯ ಯೋಗ್ಯತೆಯೇ ಪ್ರಮಾಣವೆಂದು ಹಿಡಿದ ವಿಶ್ವೇಶ್ವರಯ್ಯನವರು ಈ ಭಿನ್ನಾಭಿಪ್ರಾಯದ ಕಾಲದಲ್ಲಿಯೇ ಅಧಿಕಾರವನ್ನು ಬಿಟ್ಟರು. ಎರಡು ಪಕ್ಷಗಳಲ್ಲಿಯೂ ಪ್ರಾಮಾಣಿಕರಿದ್ದರು. ಆದರೂ, ಮನೆಯಲ್ಲಿ ಮೂರು ತಲೆಮಾರು ಅಕ್ಷರ ಕಲಿತವನಿಗೂ ಮೊದಲನೆಯ ತಲೆಮಾರಿನವನಿಗೂ ಒಂದೇ ಪ್ರಶ್ನೆಪತ್ರಿಕೆಯನ್ನು ಕೊಟ್ಟರೆ ಅದು ಸುತ್ತಲೂ ನೋಡಿದಂತಾಗಲಿಲ್ಲ, ಒಂದೇ ಮಗ್ಗುಲನ್ನು ನೋಡಿದಂತಾಯಿತು.

ಆಮೇಲೆ ಮೂಡಣ ಬೆಂಗಳೂರು ಬೇರೆ ರೂಪವನ್ನು ತಾಳಿತು. 1940ರಲ್ಲಿ ವಿಮಾನದ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿಯ ಕಾರ್ಖಾನೆಯೂ ಸ್ಥಾಪಿತವಾದುವು. ನಡುವೆ 1947ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಹಿಂತಿರುಗಿತು. ಕೈಕೆಲಸ ಬಲ್ಲ ಹುಡುಗನು ಅಪ್ರೆಂಟಿಸನಾಗಿ ಸೇರಿ, ಸಂಬಳವನ್ನೂ ಮನೆಯನ್ನೂ ಮರ್ಯಾದೆಯನ್ನೂ ಪಡೆಯುವ ಮಾರ್ಗವು ಹಲಸೂರಿನ ಮನೆಗಳಿಗೆ ತೋರಿತು. ಕೆಲವು ದಶಕಗಳ ಕಾಲ ಅಂಕಗಳ ಬಿಗಿ ಅಷ್ಟರಮಟ್ಟಿಗೆ ಸಡಿಲವಾಗಿದ್ದಿತು. 1994ರಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆಯು ಬಂದಿತು. ಹಣವಂತರು ವಂತಿಗೆ ಕೊಟ್ಟು ಸ್ಥಾನಗಳನ್ನು ಕೊಳ್ಳುವುದನ್ನು ತಡೆಯುವುದು ಅದರ ಉದ್ದೇಶ. ಅದು ಬಹುಮಟ್ಟಿಗೆ ಸಾಧಿತವೂ ಆಯಿತು. ಆದರೆ ಕೆಲವು ಗಂಟೆಗಳ ಕಾಲದೊಳಗೆ ವೃತ್ತಿಯನ್ನು ನಿಶ್ಚಯಿಸುವ ಕಾಣದ ಪರೀಕ್ಷಕನು ಮತ್ತೆ ಬಂದು ಕುಳಿತನು. ಈ ಸಲ ಅವನು ಮನುಷ್ಯನೂ ಅಲ್ಲ, ಯಂತ್ರ.

2023–24ರ ಸಾಲಿನಲ್ಲಿ ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ.ಗೂ ಎರಡನೆಯ ಪಿ.ಯು.ಸಿ.ಗೂ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯು ಆರಂಭವಾಯಿತು. ಮೊದಲನೆಯದರಲ್ಲಿ ತಪ್ಪಿದವನು ಅದೇ ವರ್ಷ ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ನಿಲ್ಲುತ್ತದೆ. ಮದರಾಸಿನ ಕಾಲದಲ್ಲಿ ಒಂದು ವರ್ಷದ ವಾರಾನ್ನವನ್ನು ಕಳೆದುಕೊಳ್ಳುತ್ತಿದ್ದ ಹುಡುಗನಿಗೆ ಇದು ಎಷ್ಟು ದೊಡ್ಡ ವರವಾಗುತ್ತಿದ್ದಿತು! 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ತೆರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಣ ಕೊಡದೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಹಗಲು ರಾತ್ರಿಯೆನ್ನದೆ ಅಲ್ಲಿ ಉತ್ತರ ಕೊಡುವವರಿರುತ್ತಾರೆ, ಫಲಿತಾಂಶ ಬಂದ ದಿನದ ರಾತ್ರಿಯೂ.